ಮಂಡಲದ ಬಿಸಿನೀರು ತೊಟ್ಟಿ

ಮುನಿಯನಕಟ್ಟೆಗೆ ಸರ್ಕಾರದಿಂದ ಏನು ಬಂದರೂ ಅದು ಮೊದಲು ತಿಮ್ಮರಾಯಪ್ಪನ ಮನೆಗೆ ಬಂದು, ಅಲ್ಲಿ ಉಂಡು, ಕೈ ತೊಳೆದುಕೊಂಡು, ಆಮೇಲೆ ಊರಿಗೆ ಬರುತ್ತಿತ್ತು. ಬೀದಿದೀಪ ಹಾಗೆ ಬಂತು, ಕೊಳಾಯಿ ಹಾಗೆ ಬಂತು. ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ ಅಂತ ಹೊಸದಾಗಿ ಆದಾಗ ಅದಕ್ಕೆ ಪ್ರಧಾನನಾಗಿ ಕೂತವನೂ ಅವನೇ. ಹೆಂಗಸರಿಗೂ ಕಾಲುಭಾಗ ಸೀಟು ಬಿಡಬೇಕು ಎಂಬ ಕಾನೂನು ಬಂದಿತ್ತಲ್ಲ, ಆ ಸೀಟಿಗೆ ಚಿಕ್ಕಬೈರಪ್ಪನ ಹೆಂಡತಿ ಸೊಣ್ಣಮ್ಮನನ್ನು ನಿಲ್ಲಿಸಿದ. ಬಾಯಿ ಸತ್ತ ಹೆಂಗಸು, ಹೇಳಿದ ಕಡೆ ಕೈ ಎತ್ತುತ್ತಾಳೆ ಎಂದು ಅವನ ಅಂದಾಜು. ಸೊಣ್ಣಮ್ಮ ಬಾಯಿ ಸತ್ತವಳೇನಲ್ಲ. ಅವಳು ಬಾಯಿ ಬಿಡುವುದಕ್ಕೆ ಅಲ್ಲಿಯವರೆಗೆ ಯಾರೂ ಜಾಗ ಕೊಟ್ಟಿರಲಿಲ್ಲ, ಅಷ್ಟೆ.

ಮೊದಲ ಆರು ತಿಂಗಳು ಅವಳ ಕುರ್ಚಿಯಲ್ಲಿ ಗಂಡನೇ ಹೋಗಿ ಕೂತ. ಕಾಫಿ ಕುಡಿದ, ಬೋಂಡ ತಿಂದ, ಎಲ್ಲರ ಜತೆ ನಕ್ಕು ಎದ್ದುಬಂದ. ಊರಿನವರು ಅವನನ್ನೇ ಮೆಂಬರ್ ಅನ್ನುವುದಕ್ಕೆ ಶುರು ಮಾಡಿದರು. ಚಿಕ್ಕಬೈರಪ್ಪ ಕೆಟ್ಟವನಲ್ಲ. ಆದರೆ ಬೆನ್ನುಮೂಳೆಯನ್ನು ಯಾರ ಮನೆಯಲ್ಲೋ ಒತ್ತೆ ಇಟ್ಟು ಮರೆತುಬಂದವನ ಹಾಗೆ ಇದ್ದ. ದೊಡ್ಡವರು ಕರೆದರೆ ಹೋಗುವುದು, ಕೊಟ್ಟರೆ ತಿನ್ನುವುದು, ಹೇಳಿದರೆ ಹ್ಞೂಂ ಅನ್ನುವುದು, ಇಷ್ಟೇ ಅವನ ರಾಜಕೀಯ.

ಸೊಣ್ಣಮ್ಮನಿಗೆ ಬೇಕಾಗಿದ್ದದ್ದು ಒಂದೇ, ಮಾವಿನ ತೋಪು. ಸುಬ್ರಹ್ಮಣ್ಯಪುರದ ಆಚೆ, ಉತ್ತರಹಳ್ಳಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಬಾದಾಮಿ ಮಾವಿನ ತೋಪು ಅದು. ಗಂಡನ ಕಡೆಯ ಆಸ್ತಿ ಹೌದು, ಆದರೆ ಮದುವೆಯಾಗಿ ಬಂದಾಗ ಸೊಂಟದೆತ್ತರ ಇದ್ದ ಗಿಡಗಳಿಗೆ ಬಾವಿಯಿಂದ ನೀರು ಹೊತ್ತು ಹಾಕಿದವಳು ಅವಳು. ಯಾವ ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುತ್ತದೆ, ಯಾವುದಕ್ಕೆ ಇಬ್ಬನಿ ಬಿದ್ದರೆ ಹೂವು ಕಪ್ಪಾಗುತ್ತದೆ ಎಲ್ಲ ಅವಳಿಗೆ ಗೊತ್ತು. ಮಕ್ಕಳನ್ನು ಬೈದಷ್ಟೇ ಮರಗಳನ್ನೂ ಬೈಯುತ್ತಿದ್ದಳು.

ಈಗ ಆ ಕಡೆಗೆಲ್ಲ ಹೌಸಿಂಗ್ ಸೊಸೈಟಿಯವರ ಜೀಪು ಓಡಾಡುತ್ತಿತ್ತು. ಅಕ್ಕಪಕ್ಕದ ಹೊಲಗಳಲ್ಲಿ ಸುಣ್ಣ ಬಳಿದ ಸೈಟಿನ ಕಲ್ಲುಗಳು ಎದ್ದು ನಿಂತಿದ್ದವು. ಚಿಕ್ಕಬೈರಪ್ಪನ ಬಾಯಲ್ಲಿ ಆಗಲೇ ನೀರು ಬಂದಿತ್ತು. ಹಿಂದಿನ ವರ್ಷ ಜಯನಗರ ನಾಲ್ಕನೇ ಬ್ಲಾಕಿನ ಚಕ್ರಪಾಣಿ ಎಂಬ ವ್ಯಾಪಾರಸ್ಥರು ಈ ತೋಪಿನ ಹಣ್ಣನ್ನು ದುಬೈಗೆ ಕಳಿಸಿದ್ದರು. ಹೋಗಿ ಸೇರುವಷ್ಟರಲ್ಲಿ ತೊಟ್ಟಿನ ಬಳಿ ಕಪ್ಪಾಗಿ, ಒಳಗೆ ಕೊಳೆತು, ಅರ್ಧಕ್ಕರ್ಧ ಸಮುದ್ರಕ್ಕೆ ಸುರಿದರಂತೆ. ಅದೇ ನೆಪ ಹಿಡಿದು ಗಂಡ ಒಂದು ದಿನ ಊಟದ ಮುಂದೆ ಕೂತು ಹೇಳಿಬಿಟ್ಟ: "ನೋಡೇ, ಇದೊಂದು ವರ್ಸ ನೋಡ್ತೀನಿ. ಕಾಯಿ ಇಮಾನ ಹತ್ತಿ, ಅವ್ರು ಮುಂದ್ಕೂ ಬೇಕು ಅಂದ್ರೆ ತೋಪು ಇರ್ಲಿ. ಇಲ್ಲ ಅಂದ್ರೆ ಸೊಸೈಟಿಗೆ ಕೊಟ್ಬಿಡ್ತೀನಿ. ಆಮೇಲೆ ಅಳ್ಬೇಡ."

ಸೊಣ್ಣಮ್ಮ ಅಳಲಿಲ್ಲ. ಬಸ್ಸು ಹತ್ತಿ ನಾಲ್ಕನೇ ಬ್ಲಾಕಿಗೆ ಹೋದಳು.

ಚಕ್ರಪಾಣಿಯವರ ಆಫೀಸು ಬಟ್ಟೆ ಅಂಗಡಿಯ ಮೇಲಿತ್ತು. ಬಿಳಿ ಶರಟು, ಹಣೆಗೆ ಸಣ್ಣ ನಾಮ, ಬೆಳ್ಳುಳ್ಳಿಯನ್ನೂ ಮುಟ್ಟದ ಮನುಷ್ಯ. ತೋಪು ನೋಡಲು ಬಂದಾಗ ಇವರ ಮನೆಯ ನೀರು ಕುಡಿಯದೆ ಸ್ವಂತ ಫ್ಲಾಸ್ಕ್ ತಂದಿದ್ದರು. ಸೊಣ್ಣಮ್ಮ ಅದನ್ನು ಆಗ ತಪ್ಪು ತಿಳಿದಿರಲಿಲ್ಲ. ಮಡಿ ಇರುವವರು, ಹಾಗೆಯೇ ಇರುತ್ತಾರೆ ಅಂದುಕೊಂಡಿದ್ದಳು. ಅವರು ಬಿಡಿಸಿ ಹೇಳಿದರು. ಕಿತ್ತ ದಿನವೇ ಕಾಯನ್ನು ಒಂದಿಷ್ಟು ಹೊತ್ತು ಬಿಸಿನೀರಲ್ಲಿ ಮುಳುಗಿಸಿ ತೆಗೆದರೆ ಆ ಕೊಳೆರೋಗ ಸತ್ತುಹೋಗುತ್ತದೆ. ನೀರು ಕುದಿಯಬಾರದು, ತಣ್ಣಗೂ ಆಗಬಾರದು. ಬೆರಳು ತಡೆಯಬೇಕು, ಕೈ ತಡೆಯಬಾರದು, ಅಷ್ಟು ಶಾಖ. ಅದಕ್ಕೆ ಸ್ಟೀಲಿನ ತೊಟ್ಟಿ ಬೇಕು, ಕರೆಂಟಿನ ಹೀಟರ್ ಬೇಕು, ಶಾಖ ತೋರಿಸುವ ಮುಳ್ಳು ಬೇಕು.

"ಅದೆಲ್ಲ ನಾನು ಒಂದೊಂದು ಊರಿಗೂ ಹಾಕ್ಕೊಡೋಕಾಗಲ್ಲಮ್ಮ. ನಿಮ್ಮ ಮಂಡಲದಲ್ಲಿ ಹೇಳಿ ಮಾಡಿಸ್ಕೊಳ್ಳಿ. ನೀವೇ ಮೆಂಬರ್ ಅಂತೀರಿ. ತೊಟ್ಟಿ ಬಂದ್ರೆ ಕಾಯಿ ನಂದು."

ಮುಂದಿನ ಸಭೆಗೆ ಗಂಡ ಪಂಚೆ ಉಟ್ಟುಕೊಂಡು ಹೊರಡುವ ಹೊತ್ತಿಗೆ ಸೊಣ್ಣಮ್ಮ ಆಗಲೇ ಬಾಗಿಲ ಹೊರಗಿದ್ದಳು. ಅವಳ ಕುರ್ಚಿಯಲ್ಲಿ ಅವಳೇ ಕೂತಳು. ವಿಷಯ ಹೇಳಿದ್ದೇ ತಡ, ಸಭೆಗೆ ಸಭೆಯೇ ನಕ್ಕಿತು.

"ಏನಮ್ಮ ಸೊಣ್ಣಕ್ಕ, ಮಂಡಲದ ದುಡ್ನಲ್ಲಿ ಮಾವಿನಕಾಯ್ಗೆ ಎಣ್ಣೆಸ್ನಾನ ಮಾಡಿಸ್ಬೇಕಾ?" ಅಂದ ತಿಮ್ಮರಾಯಪ್ಪ. "ಸೀಗೆಪುಡೀನೂ ನಾವೇ ತರ್ಬೇಕಾ?"

ಸೊಣ್ಣಮ್ಮ ನಗು ನಿಲ್ಲುವವರೆಗೆ ಕಾದಳು. ಆಮೇಲೆ ಹೇಳಿದಳು: "ತಿಮ್ಮರಾಯಣ್ಣ, ಬೆಂಗಳೂರು ಸುತ್ತಮುತ್ತ ಇಂಥದ್ದು ಯಾವ ಮಂಡಲದಲ್ಲೂ ಇಲ್ವಂತೆ. ಜಿಲ್ಲಾ ಪರಿಷತ್ತಿನೋರು ಬಂದು ಓಪನ್ ಮಾಡ್ತಾರೆ. ಪೇಪರ್ನೋರು ಬರ್ತಾರೆ. ಗ್ವಾಡೆ ಮ್ಯಾಲೆ ಕಲ್ಲು ಹಾಕಿಸಿ, ನಿಮ್ ಹೆಸ್ರು ದಪ್ಪಕ್ಷರದಲ್ಲಿ ಕೆತ್ತಿಸ್ಬೋದು."

ನಗು ತಟ್ಟನೆ ನಿಂತಿತು. ಕಲ್ಲು ಎಂಬ ಮಾತು ಕೇಳಿದರೆ ತಿಮ್ಮರಾಯಪ್ಪ ಗೌರವದಿಂದ ಕೂರುತ್ತಿದ್ದ. ಊರಲ್ಲಿ ಆಗಲೇ ಅವನ ಹೆಸರಿನ ಮೂರು ಕಲ್ಲಿದ್ದವು, ಒಂದು ಬಸ್ ಸ್ಟಾಪಿನದು, ಎರಡು ಇನ್ನೂ ಕಟ್ಟದ ಕಟ್ಟಡಗಳವು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅನ್ನುತ್ತಾರಲ್ಲ, ತಿಮ್ಮರಾಯಪ್ಪ ಯಾವ ಮದುವೆಯನ್ನೂ ಬಿಡುವವನಲ್ಲ. ತೋಪುಗಳನ್ನು ಸೊಸೈಟಿಗೆ ಕುದುರಿಸಿ ಕೊಡುವ ದಲ್ಲಾಳಿಯೂ ಅವನೇ, ತೋಪು ಉಳಿಸುವ ತೊಟ್ಟಿ ಕಟ್ಟಿಸಿದ ಪ್ರಧಾನನೂ ಅವನೇ ಆಗಬಹುದು. ಒಂದು ಕೆನ್ನೆಗೆ ಹೊಡೆಸಿಕೊಳ್ಳದೆ ಎರಡು ಕಡೆಯೂ ಮುತ್ತು ಕೊಡಿಸಿಕೊಳ್ಳುವ ಗಂಡಸು.

ಅಂತೂ ಅನುದಾನ ಬಂತು. ಪಂಚಾಯ್ತಿ ಆಫೀಸಿನ ಹಿಂದೆ ಶೀಟಿನ ಶೆಡ್ಡು ಎದ್ದಿತು. ಅದರೊಳಗೆ ಉದ್ದದ ಸ್ಟೀಲಿನ ತೊಟ್ಟಿ ಬಂದು ಕೂತಾಗ ಸೊಣ್ಣಮ್ಮ ದಿನಕ್ಕೊಮ್ಮೆ ಹೋಗಿ ನೋಡಿಬರುತ್ತಿದ್ದಳು. ಒಳಗೆ ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ತನ್ನ ಸೆರಗಿನಿಂದ ಒರೆಸಿದಳು ಒಂದು ಸಲ, ಯಾರೂ ಇಲ್ಲದಾಗ. ಅವಳಿಗೆ ನಿಜವಾಗಿ ಹೆಮ್ಮೆಯಾಗಿತ್ತು. ಬದುಕಿನಲ್ಲಿ ಅವಳು ಕೇಳಿ ಪಡೆದ ಮೊದಲ ವಸ್ತು ಅದು.

ಎಂಬತ್ತೆಂಟರ ಮೇ ತಿಂಗಳ ಒಂದು ಭಾನುವಾರ ಓಪನಿಂಗ್ ಆಯಿತು. ಟೇಪು ಕತ್ತರಿಸಿದರು, ತೆಂಗಿನಕಾಯಿ ಒಡೆದರು. ಪರಿಷತ್ತಿನವರು ಮೈಕು ಹಿಡಿದು ಮುನಿಯನಕಟ್ಟೆಯ ಮಾವು ಇನ್ನು ಆಕಾಶದಲ್ಲಿ ಹಾರುತ್ತದೆ ಎಂದರು. ತಿಮ್ಮರಾಯಪ್ಪ ಹಾರದ ಮೇಲೆ ಹಾರ ಹಾಕಿಸಿಕೊಂಡು ಕತ್ತು ಕಾಣದ ಹಾಗೆ ನಿಂತ. ಸೊಣ್ಣಮ್ಮನ ಹೆಸರನ್ನು ಯಾರೂ ಎತ್ತಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಕಾಯಿ ಕೀಳಬೇಕು, ಮಧ್ಯಾಹ್ನ ಅದ್ದಬೇಕು, ಸಂಜೆಗೆ ಲಾರಿ ಮದರಾಸಿಗೆ ಹೊರಡಬೇಕು, ಅಲ್ಲಿಂದ ವಿಮಾನ. ಅವಳ ತಲೆಯಲ್ಲಿ ಅದೇ ಓಡುತ್ತಿತ್ತು.

ದೊಡ್ಡವರ ಕಾರುಗಳು ಹೋದಮೇಲೆ, ರಾತ್ರಿ ಊರಿಗೆಲ್ಲ ಬಾಡೂಟ. ಪ್ರಧಾನನಾದವನು ಏನು ಓಪನ್ ಮಾಡಿದರೂ ಊರಿಗೆ ಬಾಡು ಹಾಕಬೇಕು, ಹಾಕದಿದ್ದರೆ ಮುಂದಿನ ಎಲೆಕ್ಷನ್ನಿಗೆ ಅವನ ಕಲ್ಲಿನ ಮೇಲೆ ಸಗಣಿ ಬೀಳುತ್ತದೆ. ಪೆಂಡಾಲಿನ ಕೆಳಗೆ ಸಾಲಾಗಿ ಕೂತು ಎಲ್ಲರೂ ಮುದ್ದೆ, ಕೋಳಿ ಸಾರು ಹೊಡೆದರು. ಸೊಣ್ಣಮ್ಮನೂ ಚೆನ್ನಾಗಿಯೇ ಉಂಡಳು. ಕೈ ತೊಳೆಯುವಾಗ ಅಡುಗೆಯ ಬೈರಣ್ಣನಿಗೆ, "ಸಾರು ಭೋ ಚೆನ್ನಾಗಿತ್ತು ಕಣಣ್ಣ" ಎಂದೂ ಹೇಳಿದಳು. ಅವನು ಹಲ್ಲು ಬಿಟ್ಟು, "ಎಲ್ಲಾ ನಿಮ್ ತೊಟ್ಟಿ ಪುಣ್ಯ ಕಣಕ್ಕ" ಅಂದ. ತೊಟ್ಟಿ ಬಂದದ್ದಕ್ಕೆ ಊಟ ಬಂತು ಅನ್ನುತ್ತಿದ್ದಾನೆ ಎಂದು ಅವಳು ತಿಳಿದಳು.

ಸೋಮವಾರ ಹೊತ್ತು ಮೂಡುವಾಗಲೇ ತೋಪಿನಲ್ಲಿ ಕೆಲಸ ಶುರುವಾಯಿತು. ನೆರೆಮನೆಯ ಲಕ್ಷ್ಮಮ್ಮ ನಾಲ್ಕೈದು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಕಾಯಿಯನ್ನು ನೆಲಕ್ಕೆ ಉದುರಿಸುವಂತಿಲ್ಲ, ತೊಟ್ಟು ಬಿಟ್ಟು ಕತ್ತರಿಸಬೇಕು, ಸೊನೆ ಸಿಪ್ಪೆಗೆ ಹತ್ತದ ಹಾಗೆ ಬೋರಲಾಗಿ ಇಡಬೇಕು. ಸೊಣ್ಣಮ್ಮ ಮರದಿಂದ ಮರಕ್ಕೆ ಓಡಾಡುತ್ತಾ ಬೈಯುತ್ತಿದ್ದಳು. ತುಂಬಿದ ಮಂಕರಿಗಳು ಗಾಡಿಯಲ್ಲಿ ಶೆಡ್ಡಿಗೆ ಹೋಗುತ್ತಿದ್ದವು. ಅಲ್ಲಿ ಅದ್ದಿಸುವ ಕೆಲಸಕ್ಕೆ ಗಂಡನನ್ನು ನಿಲ್ಲಿಸಿದ್ದಳು. ಮುಳ್ಳು ಎಲ್ಲಿಗೆ ಬರಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಅವನಿಗೆ ಮಗ್ಗಿ ಕಲಿಸಿದ ಹಾಗೆ ಕಲಿಸಿದ್ದಳು. ಇಷ್ಟು ಮಾಡಿಯಾನು ಎಂದು ನಂಬಿದ್ದಳು.

ಕೊನೆಯ ಗಾಡಿಯ ಜತೆ ಅವಳೇ ಬಂದಳು, ಹಿಂದೆ ಹೆಂಗಸರೂ ಬಂದರು. ಶೆಡ್ಡು ಇನ್ನೂ ಮಾರು ದೂರ ಇರುವಾಗಲೇ ಅವಳ ಹೆಜ್ಜೆ ನಿಂತಿತು. ಬಿಸಿನೀರಲ್ಲಿ ಅದ್ದಿದ ಕೋಳಿ ಪುಕ್ಕದ ವಾಸನೆ ಹಳ್ಳಿಯಲ್ಲಿ ಹುಟ್ಟಿದ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಒದ್ದೆ ಪುಕ್ಕ, ಹಿಕ್ಕೆ, ರಕ್ತ, ಮೂರೂ ಬೆರೆತು ಒಂದು ರಾತ್ರಿ ಬಿಸಿಯಲ್ಲೇ ಕೂತರೆ ಹೇಗೆ ನಾರುತ್ತದೋ ಹಾಗೆ ನಾರುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋದಳು.

ತೊಟ್ಟಿಯಲ್ಲಿ ನೀರಿನ ಬಣ್ಣ ಕಾಣುತ್ತಿರಲಿಲ್ಲ. ಬೂದಿಯೂ ಅಲ್ಲದ ಕೆಂಪೂ ಅಲ್ಲದ ಒಂದು ಗಂಜಿ. ಮೇಲೆ ಕೊಬ್ಬು ಹೊಳೆಯುತ್ತಿತ್ತು. ಮೂಲೆಗಳಲ್ಲಿ ಪುಕ್ಕ ಗೊಂಚಲುಗಟ್ಟಿ ಅಂಟಿತ್ತು, ಕೋಳಿಕಾಲಿನ ಹಳದಿ ಸಿಪ್ಪೆ ತೇಲುತ್ತಿತ್ತು. ಅದರೊಳಗೆ ಅವಳ ಬಾದಾಮಿ ಕಾಯಿಗಳು ಮುಳುಗಿ ಏಳುತ್ತಿದ್ದವು. ಚಿಕ್ಕಬೈರಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಅಕ್ಕಿ ಸೋಸುವ ಬಿದಿರು ಪುಟ್ಟಿಯಿಂದ ಮೇಲಿನ ಪುಕ್ಕವನ್ನು ಬಳಿದು ಬಳಿದು ಗೋಡೆಗೆ ಎಸೆಯುತ್ತಿದ್ದ. ಶೆಡ್ಡಿನ ಮುಂದೆ ನಿಂತ ಲಾರಿಯಲ್ಲಿ ಆಗಲೇ ಅರ್ಧಕ್ಕಿಂತ ಹೆಚ್ಚು ಪೆಟ್ಟಿಗೆ ತುಂಬಿತ್ತು.

"ಏನಿದು?" ಎಂದಳು ಸೊಣ್ಣಮ್ಮ.

"ಏನೂ ಇಲ್ಲ ಕಣೇ, ಮೇಲೆ ತೇಲೋದ್ನ ಬಳಿದು ಹಾಕ್ತಾ ಇವ್ನಿ. ಕೆಳ್ಗಡೆ ನೀರು ಚೆನ್ನಾಗೇ ಐತೆ."

ಪಾತ್ರೆ ಹೊತ್ತುಕೊಂಡು ಹೋಗಲು ಬಂದ ಬೈರಣ್ಣ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಯಾವ ಅಳುಕೂ ಇರಲಿಲ್ಲ, ಖುಷಿಯೇ ಇತ್ತು. "ಎಂಥಾ ತೊಟ್ಟಿ ತರಿಸಿದ್ದೀಯಕ್ಕ! ಹಂಡೆ ನೀರಾದ್ರೆ ಒಂದ್ ಸಲ ಕುದ್ದು ತೊಗಲು ಬೆಂದೋಗ್ತದೆ, ಒಂದ್ ಸಲ ಆರೋಗ್ತದೆ. ಇದು ಹಂಗಲ್ಲ. ಮುಳ್ಳು ಇಟ್ಟಲ್ಲೇ ಇರ್ತದೆ. ಕೋಳಿ ಅದ್ದಿ ಎತ್ತಿದ್ರೆ ಪುಕ್ಕ ಒಂದೇ ಎಳೆತಕ್ಕೆ ಬರ್ತದೆ. ಊರ್ಗೆ ಊರೇ ಉಂಡ್ರೂ ಎರಡು ಗಂಟೆ ಕೆಲ್ಸ."

ಸೊಣ್ಣಮ್ಮನಿಗೆ ನಿನ್ನೆಯ ಸಾರು ನೆನಪಾಯಿತು. ಹೊರಗೆ ಓಡಿಬಂದು ಗೋಡೆ ಹಿಡಿದುಕೊಂಡು ಕಾರಿಕೊಂಡಳು. ಲಕ್ಷ್ಮಮ್ಮ ಬೆನ್ನು ಸವರಿದಳು. ತಿರುಗಿ ಒಳಗೆ ಬಂದಾಗ ಸೊಣ್ಣಮ್ಮನ ಕಣ್ಣು ಕೆಂಪಾಗಿತ್ತು.

"ನೀರು ಯಾಕೆ ಬದಲಾಯಿಸ್ಲಿಲ್ಲ?"

"ಎಲ್ಲಿಂದ ಬದಲಾಯಿಸ್ಲಿ? ಕೊಳಾಯಲ್ಲಿ ದಾರ ಬಂದಂಗೆ ಬರ್ತದೆ, ತೊಟ್ಟಿ ತುಂಬೋಕೆ ಎರಡು ದಿನ ಬೇಕು. ಪ್ರಧಾನರನ್ನ ಕೇಳ್ದೆ. ಬಿಸಿ ಐತಲ್ಲಯ್ಯ, ರೋಗ ಸಾಯೋಕೆ ಬಿಸಿ ಸಾಕಲ್ವಾ ಅಂದ್ರು. ಅದೂ ಸರಿಯೇ ಅಲ್ವಾ?"

"ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ನೀನು ಬೇಡ ಅಂತಿದ್ದೆ," ಅಂದ ಚಿಕ್ಕಬೈರಪ್ಪ. ಅವನು ಆ ದಿನ ಆಡಿದ ಒಂದೇ ಒಂದು ಸತ್ಯ ಅದು.

ಸೊಣ್ಣಮ್ಮ ಕೋಳಿ ತಿನ್ನುವವಳೇ. ಸ್ವಂತ ಕೈಯಿಂದ ಎಷ್ಟೋ ಪುಕ್ಕ ಕಿತ್ತಿದ್ದಳು. ಕೋಳಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಎಲ್ಲೋ ಸಮುದ್ರದಾಚೆ ಒಬ್ಬ ತಾಯಿ ಈ ಹಣ್ಣು ಮೂಸಿ ನೋಡಿ, ಮಗುವಿನ ಬಾಯಿಗೆ ಇಡುತ್ತಾಳೆ ಎಂಬುದಷ್ಟೇ ಅವಳ ಎದೆಯಲ್ಲಿ ಚುಚ್ಚುತ್ತಿತ್ತು. ಆ ಹಣ್ಣು ತನ್ನದು.

ಅಷ್ಟರಲ್ಲಿ ಕಾರು ಬಂತು. ತಿಮ್ಮರಾಯಪ್ಪ, ಹಿಂದೆ ಚಕ್ರಪಾಣಿ. ಸೊಣ್ಣಮ್ಮನಿಗೆ ಉಸಿರು ಬಂದಂತಾಯಿತು. ಈ ಮನುಷ್ಯ ಒಪ್ಪುವುದಿಲ್ಲ, ಮೂಗು ಹಿಡಿದುಕೊಂಡು ಲಾರಿ ಹಿಂದಕ್ಕೆ ಕಳಿಸುತ್ತಾರೆ, ಪ್ರಧಾನನಿಗೆ ಉಗಿಯುತ್ತಾರೆ, ತೊಟ್ಟಿ ತೊಳೆಸಿ ಎರಡು ದಿನ ಬಿಟ್ಟು ಬೇರೆ ಕಾಯಿ ಕೇಳುತ್ತಾರೆ ಎಂದುಕೊಂಡಳು. ಕೈ ಹಿಡಿದು ಎಳೆಯದಿದ್ದದ್ದೊಂದು ಬಾಕಿ, ಅವರನ್ನು ತೊಟ್ಟಿಯ ಮುಂದೆಯೇ ತಂದು ನಿಲ್ಲಿಸಿದಳು.

ಚಕ್ರಪಾಣಿ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ಮುಖ ಸಿಂಡರಿಸಿದರು. ಒಂದು ಹೆಜ್ಜೆ ಹಿಂದಕ್ಕೆ ಹೋದರು. ಆಮೇಲೆ ಲಾರಿಯ ಕಡೆ ನೋಡಿದರು, ವಾಚು ನೋಡಿಕೊಂಡರು.

"ಛೆ ಛೆ, ಏನ್ರೀ ಪ್ರಧಾನರೇ ಇದು," ಎಂದರು. "ಸರಿ, ಆಗಿದ್ದು ಆಯ್ತು. ಒಣಬಟ್ಟೇಲಿ ಒಂದೊಂದೂ ಒರೆಸಿ, ಕಾಗದ ಸುತ್ತಿಬಿಡಿ. ವಾಸನೆ ಹೋಗುತ್ತೆ."

ಸೊಣ್ಣಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನಿಸಿತು. "ಸ್ವಾಮಿ, ಇದು ಕೋಳಿ ತೊಳೆದ ನೀರು."

"ಗೊತ್ತಾಯ್ತಮ್ಮ. ಏನ್ ಮಾಡೋದು ಹೇಳಿ. ಇನ್ನೊಂದು ಸಲ ಅದ್ದಿದ್ರೆ ಸಿಪ್ಪೆ ಸುಟ್ಟುಹೋಗುತ್ತೆ. ನಾಳೆ ಅಂದ್ರೆ ವಿಮಾನದಲ್ಲಿ ಜಾಗ ಇಲ್ಲ. ಆ ದುಬೈ ಪಾರ್ಟಿ ಕೈ ತಪ್ಪಿದ್ರೆ ನಿಮ್ಮ ಮುಖಾನೂ ನೋಡಲ್ಲ, ನನ್ನ ಮುಖಾನೂ ನೋಡಲ್ಲ." ಧ್ವನಿ ತಗ್ಗಿಸಿ, ಸಮಾಧಾನ ಹೇಳುವವರ ಹಾಗೆ ಸೇರಿಸಿದರು: "ಅಲ್ಲಿ ತಿನ್ನೋರೆಲ್ಲ ಮಾಂಸ ತಿನ್ನೋರೇ ಅಲ್ವೇನಮ್ಮ? ಅವರಿಗೇನು?"

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ಸೊಣ್ಣಮ್ಮ ಸೊಂಟದಲ್ಲಿದ್ದ ಕಾಯಿ ಕೊಯ್ಯುವ ಚಾಕು ತೆಗೆದಳು. ತೊಟ್ಟಿಗೆ ಕೈ ಹಾಕಿ ಒಂದು ಕಾಯಿ ಎತ್ತಿದಳು, ಕೈ ಸುಟ್ಟಿತು. ಆ ಕಾಯಿಯ ಮೇಲೊಂದು ಎಳೆ ಪುಕ್ಕ ಅಂಟಿತ್ತು, ಅದನ್ನು ತೆಗೆಯಲಿಲ್ಲ. ಸಿಪ್ಪೆ ಸಮೇತ ಒಂದು ಹೋಳು ಕೊಯ್ದು ಚಕ್ರಪಾಣಿಯ ಮುಂದೆ ಹಿಡಿದಳು.

"ತಿನ್ನಿ ಸ್ವಾಮಿ."

"ಏನಮ್ಮ ಇದು!"

"ನೀವು ತಿಂದ್ರೆ ಲಾರಿ ಹೋಗ್ಲಿ. ನಾನು ಒಂದ್ ಮಾತೂ ಎತ್ತಲ್ಲ. ನಮ್ಮವ್ವನಾಣೆ. ನೀವು ತಿನ್ನಕ್ಕಾಗಲ್ಲ ಅಂದ್ರೆ ಅವ್ರೂ ತಿನ್ನೋದು ಬೇಡ."

ಸೊಣ್ಣಮ್ಮನಿಗೆ ಗೆದ್ದಿದ್ದೇನೆ ಎಂಬ ಧೈರ್ಯವಿತ್ತು. ತೋಪು ಹೋಗುತ್ತದೆ ಎಂಬುದೂ ಅದೇ ಕ್ಷಣ ಗೊತ್ತಿತ್ತು. ಈ ವರ್ಷದ ಕಾಯಿ ಹೋಗದಿದ್ದರೆ ಗಂಡ ಸೊಸೈಟಿಗೆ ಬರೆದುಕೊಡುತ್ತಾನೆ. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಬೆಳ್ಳುಳ್ಳಿ ಮುಟ್ಟದವರು, ಫ್ಲಾಸ್ಕಿನ ನೀರಿನವರು, ಇದನ್ನು ಹೇಗೆ ಮುಟ್ಟಿಯಾರು?

ಚಕ್ರಪಾಣಿ ಹೋಳು ನೋಡಿದರು. ಲಾರಿ ನೋಡಿದರು. ತಿಮ್ಮರಾಯಪ್ಪ ಹಿಂದಿನಿಂದ ಮೆಲ್ಲಗೆ, "ಸಾರ್, ಒಂದು ಚೂರು," ಅಂದ. ಚಕ್ರಪಾಣಿ ಕರ್ಚೀಫನ್ನು ಜೇಬಿಗಿಟ್ಟರು. ಎರಡು ಬೆರಳಲ್ಲಿ ಆ ಎಳೆ ಪುಕ್ಕವನ್ನು ತೆಗೆದು ಬಿಸಾಕಿದರು. ಹೋಳನ್ನು ಬಾಯಿಗೆ ಹಾಕಿಕೊಂಡರು.

ಎಲ್ಲರೂ ನೋಡುತ್ತಿದ್ದರು. ದವಡೆ ಆಡಿತು, ಗಂಟಲ ಗಂಟು ಮೇಲೆ ಕೆಳಗೆ ಹೋಯಿತು. ಹುಳಿಗೋ ಹೇಸಿಗೆಗೋ ಒಂದು ಕಣ್ಣು ಮುಚ್ಚಿತು. ನುಂಗಿದರು.

"ಉಪ್ಪುಖಾರ ಇದ್ದಿದ್ರೆ ಚೆನ್ನಾಗಿರೋದು," ಎಂದರು.

ಗಂಡಸರೆಲ್ಲ ಗೊಳ್ಳನೆ ನಕ್ಕರು. ಬೈರಣ್ಣ ಚಪ್ಪಾಳೆ ತಟ್ಟಿದ. ಲಾರಿಯ ಡ್ರೈವರ್ ನಕ್ಕ, ಚಿಕ್ಕಬೈರಪ್ಪನೂ ನಕ್ಕ. ತಿಮ್ಮರಾಯಪ್ಪನಂತೂ ಹೊಟ್ಟೆ ಹಿಡಿದುಕೊಂಡ. "ನೋಡ್ದೇನಮ್ಮ ಸೊಣ್ಣಕ್ಕ? ಸ್ವಾಮಿಗಳೇ ತಿಂದ್ರು! ಇನ್ನು ದುಬೈನೋರದ್ದೇನು? ಇನ್ಮೇಲೆ ಟೈಮ್‌ಟೇಬಲ್ ಮಾಡಾಣ, ಭಾನುವಾರ ಕೋಳಿ, ಸೋಮವಾರ ಮಾವು!"

ಸೊಣ್ಣಮ್ಮ ನಗುವ ಮುಖಗಳನ್ನು ಒಂದೊಂದಾಗಿ ನೋಡಿದಳು. ತೊಟ್ಟಿಯ ನೀರು ಅವಳಿಗೆ ಆಗ ಅಷ್ಟು ಕೊಳಕಾಗಿ ಕಾಣಲಿಲ್ಲ. ಈ ಬಾಯಿಗಳಿಗಿಂತ ಅದೇ ವಾಸಿ ಅನ್ನಿಸಿತು. ಅವಳು ಹೊರಗೆ ಬಂದು ಸೀದಾ ಲಾರಿಗೆ ಹತ್ತಿದಳು, ಒಂದು ಪೆಟ್ಟಿಗೆ ಹಿಡಿದು ಎಳೆದಳು.

"ಏಯ್, ಏನ್ ಮಾಡ್ತಿದ್ದೀಯೇ?" ಚಿಕ್ಕಬೈರಪ್ಪ ಓಡಿಬಂದ.

"ನನ್ ಕಾಯಿ ಇಳಿಸ್ಕೊತಿದೀನಿ."

"ಮಾತು ಕೊಟ್ಟಿದ್ರಲ್ಲಮ್ಮ!" ಎಂದರು ಚಕ್ರಪಾಣಿ, ನಿಜಕ್ಕೂ ನೊಂದವರ ಹಾಗೆ. "ತಾಯಾಣೆ ಇಟ್ಟಿದ್ರಿ. ನಾನು ತಿಂದೆನಲ್ಲ!"

"ಕೊಟ್ಟಿದ್ದೆ ಸ್ವಾಮಿ. ಹೇಸಿಗೆ ಇರೋ ಮನುಸ್ರು ಅಂತ ತಿಳ್ಕೊಂಡು ಕೊಟ್ಟಿದ್ದೆ."

ಚಿಕ್ಕಬೈರಪ್ಪ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ. "ತೋಪು ಹೋಗ್ತದೆ ಕಣೇ! ನಾನು ಹೇಳಿದ್ದು ಹೇಳಿದ್ದೇ. ಕಾಯಿ ಹೋಗ್ಲಿಲ್ಲ ಅಂದ್ರೆ ನಾಳೇನೇ ಸೊಸೈಟಿ!"

"ಹೋಗ್ಲಿ."

ಆ ಒಂದು ಮಾತು ಹೇಳುವಷ್ಟರಲ್ಲಿ ಅವಳ ಎದೆ ಒಡೆದುಹೋಯಿತು. ಆದರೂ ಕೈ ಬಿಡಲಿಲ್ಲ. ಗಂಡನ ಹಿಡಿತವೇ ಸಡಿಲವಾಯಿತು. ಲಕ್ಷ್ಮಮ್ಮ ಸೀರೆ ಎತ್ತಿಕಟ್ಟಿ ಲಾರಿ ಹತ್ತಿದಳು. ಅವಳ ಹಿಂದೆ ಉಳಿದ ಹೆಂಗಸರೂ ಹತ್ತಿದರು. ಗಂಡಸರು ಮುಂದೆ ಬಂದರೆ ತಿಮ್ಮರಾಯಪ್ಪ ಕೈ ಅಡ್ಡ ಹಿಡಿದ. "ಬಿಡ್ರೋ. ಹೆಂಗಸರ ಕೋಪ, ಸಂಜೆಗೆ ಇಳೀತದೆ," ಅಂದ. ಅವನ ಮುಖದಲ್ಲಿ ನಗು ಹಾಗೇ ಇತ್ತು.

ಶೆಡ್ಡಿನ ಹಿಂದೆ ಊರಿನ ತಿಪ್ಪೆ. ನಿನ್ನೆಯ ಎಂಜಲೆಲೆಗಳೂ, ಕೋಳಿಯ ಕರುಳೂ ಅಲ್ಲೇ ಬಿದ್ದಿದ್ದವು, ನಾಯಿಗಳು ಎಳೆದಾಡುತ್ತಿದ್ದವು. ಸೊಣ್ಣಮ್ಮ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತಂದು ಅದರ ಮೇಲೆ ಸುರಿದಳು. ತಾನೇ ಬೋರಲಾಗಿಟ್ಟು ಸೊನೆ ಇಳಿಸಿದ ಕಾಯಿಗಳು ಸಗಣಿಯಲ್ಲಿ ಹೂತುಹೋದವು. ಪ್ರತಿ ಪೆಟ್ಟಿಗೆಗೂ ಅವಳ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ, ಕೈಗೆ ಆ ನೀರಿನ ನಾತ ಹತ್ತಿತ್ತು. ತಿಪ್ಪೆಗೆ ಬಿದ್ದದ್ದನ್ನು ಇನ್ನು ಯಾರೂ ಎತ್ತಲಾರರು ಎಂಬುದೊಂದೇ ಅವಳಿಗಿದ್ದ ಸಮಾಧಾನ. ಕೊನೆಯ ಪೆಟ್ಟಿಗೆ ಸುರಿದು, ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು. ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿದಳು. ಒಲೆ ಹಚ್ಚದೆ ಮಲಗಿದಳು.

ಬೆಳಿಗ್ಗೆ ಎದ್ದಾಗ ಗಂಡನ ಚಾಪೆ ಸುತ್ತಿಟ್ಟ ಹಾಗೇ ಇತ್ತು. ಎಲ್ಲಿ ಹೋದನೋ ಎಂದು ಬಾಗಿಲು ತೆರೆದರೆ ಅವನು ಜಗುಲಿಯ ಮೆಟ್ಟಿಲು ಹತ್ತುತ್ತಿದ್ದ. ನಿದ್ದೆಗೆಟ್ಟ ಕಣ್ಣು, ಆದರೂ ಮುಖದಲ್ಲಿ ಗೆಲುವು. ಮಗಳಿಗೆ ಗಂಡು ಗೊತ್ತಾದ ಸುದ್ದಿ ತಂದವನ ಹಾಗೆ ನಿಂತ.

"ತೋಪು ಉಳೀತು ಕಣೇ ಸೊಣ್ಣಿ!"

ಅವಳು ಬಾಗಿಲಿಗೆ ಅಡ್ಡಲಾಗಿ ನಿಂತಳು.

"ಕಾಯಿ ಹೋಯ್ತು, ಒಂದೂ ಬಿಡದಂಗೆ ಹೋಯ್ತು. ನೀನು ಆ ಕಡೆ ಹೋದ ತಕ್ಷಣ ತಿಪ್ಪೆಯಿಂದ ಆರ್ಸೋಕೆ ಕೂತ್ವಿ. ಪ್ರಧಾನರೇ ಟಾರ್ಚು ಹಿಡ್ಕೊಂಡು ನಿಂತಿದ್ರು, ಅಂಥಾ ಮನುಸ್ಯ! ಗೋಣಿಚೀಲ್ದಲ್ಲಿ ಒರ್ಸಿ, ಕಾಗ್ದ ಸುತ್ತಿ, ಪೆಟ್ಟಿಗೆ ಹೊಡ್ದು ಕಳಿಸ್ದೋ. ಲಾರಿ ಒಂಚೂರು ತಡ ಆಯ್ತು ಅಷ್ಟೆ. ಚಕ್ರಪಾಣಿಯೋರು ಮುಂದಿನ ವರ್ಸದ್ದೂ ನಿಮ್ದೇ ಅಂತ ಕೈಮೇಲೆ ಕೈ ಹಾಕಿ ಹೋದ್ರು. ನಾನು ನಿನಗೋಸ್ಕರನೇ ಮಾಡಿದ್ದು ಕಣೇ, ತೋಪು ಅಂದ್ರೆ ನಿನಗೆ ಜೀವ ಅಲ್ವಾ?"

ಅವನು ನಿಜವನ್ನೇ ಹೇಳುತ್ತಿದ್ದ. ಸೊಣ್ಣಮ್ಮನಿಗೆ ಅದಕ್ಕಿಂತ ಹೇಸಿಗೆ ಬೇರೆ ಯಾವುದೂ ಇರಲಿಲ್ಲ. ಅವನ ಉಗುರುಗಳ ಸಂದಿನಲ್ಲಿ ಸಗಣಿ ಒಣಗಿತ್ತು. ಆ ಕೈಯಿಂದಲೇ ಅವನು ಮೀಸೆ ಒರೆಸಿಕೊಂಡು, ಕಾಫಿ ಕೊಡು ಎಂಬಂತೆ ಒಳಗೆ ನೋಡಿದ.

"ಸೊಸೈಟಿಯೋರ ಜೀಪು ಯಾವತ್ತು ಬರ್ತದೆ?" ಎಂದು ಕೇಳಿದಳು ಸೊಣ್ಣಮ್ಮ.

"ಯಾಕೆ?"

"ಬರೋಕೆ ಹೇಳಿ. ಬರ್ಕೊಟ್ಬಿಡಿ."

"ಹುಚ್ಚು ಹಿಡೀತೇನೇ? ಉಳೀತು ಅಂತಿದೀನಿ! ತೋಪು ಉಳೀತು!"

"ಗೊತ್ತಾಯ್ತು. ಮರ ಕಡಿಯೋರ್ನ ನಾನೇ ಕರ್ಕೊಂಡು ಬರ್ತೀನಿ," ಅಂದಳು ಸೊಣ್ಣಮ್ಮ. "ಅವು ಇನ್ನು ಈ ಊರಿಗೆ ಕಾಯಿ ಬಿಡೋದು ಬೇಡ."